ಮಾವುತನ ಮಗ ಮನೆಗೆ ಹೋದನೆ?

(ನಮ್ಮ ಸಂಘದ ಮಕ್ಕಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಸಾಹಿತಿಯಲ್ಲ, ಚಿತ್ರವಿಮರ್ಶಕನೂ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ದಿನವಿಡೀ ಜಮೆ-ಖರ್ಚು ತಾಳೆ ನೋಡುವುದೇ ನನ್ನ ವೃತ್ತಿ. ಮಕ್ಕಳ ಕಥೆ ಸಿನಿಮಾ ಆಗುವಾಗ ಏನಾಗುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಹಿಂಜರಿದೆ. ಕೊನೆಗೆ ಒಪ್ಪಿಕೊಂಡದ್ದು ನನ್ನ ಮಗಳು ಕೇಳಿದ ಒಂದು ಪ್ರಶ್ನೆಯ ದೆಸೆಯಿಂದ.

ಆಕೆಗೆ ಎಂಟು ವರ್ಷ. ಕಳೆದ ರಜೆಯಲ್ಲಿ 2016ರ ‘ದಿ ಜಂಗಲ್ ಬುಕ್’ ಚಿತ್ರವನ್ನು ನೋಡಿದಳು. ಮುಗಿದ ಮೇಲೆ, “ಅಪ್ಪಾ, ಆ ಕರಡಿ ನಿಜವಾದದ್ದಾ?” ಎಂದಳು. ಅಲ್ಲವೆಂದೆ. “ಹುಲಿ?” ಅದೂ ಅಲ್ಲ. “ಕಾಡು?” ಅದೂ ಅಲ್ಲ ಮಗು, ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಹುಡುಗನೊಬ್ಬನನ್ನು ನಿಲ್ಲಿಸಿ ಮಿಕ್ಕದ್ದನ್ನೆಲ್ಲ ಕಂಪ್ಯೂಟರಿನಲ್ಲಿ ರಚಿಸಿದರು ಎಂದೆ. ಆಕೆಯ ಮುಖ ಸಣ್ಣದಾಯಿತು. ನಿಜವಾದ ಆನೆ ಇರುವ ಚಿತ್ರ ತೋರಿಸುತ್ತೇನೆಂದು ಸಮಾಧಾನ ಹೇಳಿ, ಮಾರನೆಯ ದಿನ 1937ರ ‘ಎಲಿಫೆಂಟ್ ಬಾಯ್’ ತೋರಿಸಿದೆ. ಕಪ್ಪು ಬಿಳುಪಿನ ಹಳೆಯ ಚಿತ್ರ. ಆದರೂ ಅಲುಗಾಡದೆ ನೋಡಿದಳು. ಅದರಲ್ಲಿ ನಟಿಸಿದ ಹುಡುಗ ನಮ್ಮ ಮೈಸೂರು ಸೀಮೆಯವನು, ಚಿತ್ರ ಮುಗಿಸಲು ಅವನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು ಎಂದು ಹೇಳಿದೆ. ಆಗ ಆಕೆ ಕೇಳಿದಳು: “ಆಮೇಲೆ ಅವನು ಮನೆಗೆ ಹೋದನಾ?”

ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಕಥೆಯ ಪೂರ್ವಾಪರವನ್ನು ನಿವೇದಿಸುತ್ತೇನೆ.

‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಮೂಲವಾದ ಕಥೆಯೂ, ಮೌಗ್ಲಿಯ ಕಥೆಗಳೂ 1894ರಲ್ಲಿ ಹೊರಬಂದ ‘ದಿ ಜಂಗಲ್ ಬುಕ್’ ಎಂಬ ಒಂದೇ ಪುಸ್ತಕದಲ್ಲಿವೆ. ಬರೆದವನು ರಡ್ಯಾರ್ಡ್ ಕಿಪ್ಲಿಂಗ್. ಆತ ಹುಟ್ಟಿದ್ದು ನಾವು ವಾಸವಾಗಿರುವ ಇದೇ ಮುಂಬಯಿಯಲ್ಲಿ, 1865ರ ಡಿಸೆಂಬರ್ 30ರಂದು. ತಂದೆ ಜೆ. ಜೆ. ಕಲಾಶಾಲೆಯಲ್ಲಿ ಉಪಾಧ್ಯಾಯರು. ಮಗು ಬೆಳೆದದ್ದು ಆಯಾಳ ಕೈಯಲ್ಲಿ. ಆಡುತ್ತಿದ್ದುದು, ಕನಸು ಕಾಣುತ್ತಿದ್ದುದು ಇಲ್ಲಿಯ ಮಾತಿನಲ್ಲಿ. ಸಂಜೆ ತಂದೆತಾಯಿಯರ ಮುಂದೆ ಹೋಗುವಾಗ ಇಂಗ್ಲಿಷಿನಲ್ಲಿ ಮಾತನಾಡಬೇಕೆಂದು ಆಳುಗಳು ನೆನಪಿಸಿ ಕಳುಹಿಸುತ್ತಿದ್ದರೆಂದು ಆತನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮನೆಯೊಳಗೆ ಒಂದು ಮಾತು, ಹೊರಗೆ ಇನ್ನೊಂದು ಮಾತು: ಇದು ಇಲ್ಲಿ ಕುಳಿತಿರುವ ಯಾವ ಮಗುವಿಗೂ ಹೊಸದಲ್ಲ. ಐದು ವರ್ಷ ತುಂಬಿದ ಮೇಲೆ, 1871ರಲ್ಲಿ, ಅವನನ್ನೂ ತಂಗಿಯನ್ನೂ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬಿಟ್ಟು ಬಂದರು. ಅಲ್ಲಿ ಆ ಮಗು ಪಟ್ಟ ಪಾಡು ಸಾಮಾನ್ಯವಲ್ಲ. ಮುಂದೆ ದೊಡ್ಡವನಾಗಿ, ಅಮೆರಿಕದ ವರ್ಮಾಂಟಿನ ಹಿಮದ ನಡುವೆ ಕುಳಿತು ಅವನು ಬರೆದದ್ದು ಭಾರತದ ಕಾಡಿನ ಕಥೆ. ಅವನ ಸಾಮ್ರಾಜ್ಯಾಭಿಮಾನವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಎರಡು ಮನೆಗಳ ನಡುವೆ ನಿಂತ ಮಗುವಿನ ಸಂಕಟ ಅವನಿಗೆ ತಿಳಿದಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ಮೌಗ್ಲಿಯ ಕಥೆಯ ಜೀವ ಇರುವುದು ಇಲ್ಲೇ. ತೋಳಗಳು ಸಾಕಿದ ಹುಡುಗ. ಮೊದಲು ತೋಳಗಳ ಹಿಂಡು ಅವನನ್ನು ಹೊರಗೆ ಹಾಕುತ್ತದೆ. ಊರಿಗೆ ಬಂದರೆ ಊರಿನವರು ಮಾಟಗಾರನೆಂದು ಕಲ್ಲು ಹೊಡೆದು ಓಡಿಸುತ್ತಾರೆ. ಅವನು ಯಾವ ಕಡೆಯವನು? ಕಿಪ್ಲಿಂಗ್ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. 1895ರ ಎರಡನೆಯ ಪುಸ್ತಕದ ಕೊನೆಯಲ್ಲಿ ಹುಡುಗ ಅಳುತ್ತಲೇ ಮನುಷ್ಯರ ಕಡೆಗೆ ನಡೆಯುತ್ತಾನೆ. ಅದಕ್ಕೂ ಮೊದಲೇ, 1893ರಲ್ಲಿ, ಬರೆದಿದ್ದ ಒಂದು ಕಥೆಯಲ್ಲಿ ಪ್ರಾಯಕ್ಕೆ ಬಂದ ಮೌಗ್ಲಿಗೆ ಅರಣ್ಯ ಇಲಾಖೆಯ ನೌಕರಿಯಾಗುತ್ತದೆ, ಪಿಂಚಣಿಯ ಭರವಸೆ ಸಹಿತ! ಬ್ಯಾಂಕಿನವನಾದ ನನಗೆ ಇದನ್ನು ಓದಿ ನಗು ಬಂದಿತು. ಕಾಡಿನಲ್ಲಿ ಬೆಳೆದವನಿಗೂ ಕೊನೆಗೆ ಗತಿ ಪಿಂಚಣಿಯೇ.

ಸಿನಿಮಾದವರಿಗೆ ಇಂಥ ಇಬ್ಬಂದಿ ಹಿಡಿಸುವುದಿಲ್ಲ. ದೀಪ ಹತ್ತುವ ಹೊತ್ತಿಗೆ ಹುಡುಗ ಎಲ್ಲಿಯಾದರೂ ಒಂದು ಕಡೆ ಸೇರಿರಬೇಕು. 1942ರಲ್ಲಿ ಜೋಲ್ಟನ್ ಕೋರ್ಡಾ ಕ್ಯಾಲಿಫೋರ್ನಿಯದಲ್ಲಿ ತೆಗೆದ ವರ್ಣಚಿತ್ರದಲ್ಲಿ ಮೌಗ್ಲಿ ಮನುಷ್ಯರ ದುರಾಸೆಯನ್ನು ಕಂಡು ಕಾಡಿಗೇ ಮರಳುತ್ತಾನೆ. 1967ರ ಡಿಸ್ನಿಯವರ ವ್ಯಂಗ್ಯಚಿತ್ರದಲ್ಲಿ ನೀರು ತರಲು ಬಂದ ಹುಡುಗಿಯ ಹಿಂದೆ ಊರೊಳಗೆ ಹೋಗುತ್ತಾನೆ. ಅದೇ ಸಂಸ್ಥೆಯವರ 2016ರ ಚಿತ್ರದಲ್ಲಿ ಕಾಡಿನಲ್ಲಿಯೇ ಉಳಿಯುತ್ತಾನೆ. ಪಾತ್ರಗಳೂ ಹೀಗೆಯೇ ಬದಲಾದವು. ಪುಸ್ತಕದಲ್ಲಿ ಬಾಲೂ ಕರಡಿ ಪಾಠ ತಪ್ಪಿದರೆ ಪೆಟ್ಟು ಕೊಡುವ ಕಟ್ಟುನಿಟ್ಟಿನ ಮೇಷ್ಟ್ರು. ಡಿಸ್ನಿಯವರಲ್ಲಿ ಹಾಡುತ್ತ ಕುಣಿಯುವ ಸೋಮಾರಿ. ಕಾ ಎಂಬ ಹೆಬ್ಬಾವು ಪುಸ್ತಕದಲ್ಲಿ ಹುಡುಗನ ಪ್ರಾಣ ಉಳಿಸಿದ ಸ್ನೇಹಿತ. ಚಿತ್ರದಲ್ಲಿ ಅವನನ್ನೇ ನುಂಗಹೊರಟ ವೈರಿ. ಲೂಯಿ ಎಂಬ ವಾನರರಾಜನಂತೂ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಕಥೆಯನ್ನು ಬದಲಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿಯರೂ ಕಥೆಯನ್ನು ಒಂದೊಂದು ರಾತ್ರಿ ಒಂದೊಂದು ವಿಧವಾಗಿ ಹೇಳಿದವರೇ.

ಆದರೆ ‘ಎಲಿಫೆಂಟ್ ಬಾಯ್’ ಚಿತ್ರದ ವಿಷಯ ಬೇರೆ. ಅದರಲ್ಲಿ ಬದಲಾದದ್ದು ಕಥೆ ಮಾತ್ರವಲ್ಲ, ಒಂದು ಮಗುವಿನ ಬಾಳು.

ಮೂಲಕಥೆ ನಡೆಯುವುದು ಗಾರೋ ಬೆಟ್ಟಗಳಲ್ಲಿ. ಆನೆ ಹಿಡಿಯುವ ಶಿಬಿರದಲ್ಲಿ ತೂಮಾಯಿ ಎಂಬ ಹತ್ತು ವರ್ಷದ ಮಾವುತನ ಮಗ. ಅವನ ಆನೆ ಕಾಳನಾಗ. ಶಿಬಿರದ ಯಜಮಾನ ಪೀಟರ್‌ಸನ್ ಸಾಹೇಬ. ಈ ಸಾಹೇಬನ ಪಾತ್ರಕ್ಕೆ ಮಾದರಿ ಜಿ. ಪಿ. ಸ್ಯಾಂಡರ್ಸನ್ ಎಂದು ತಿಳಿದವರು ಹೇಳುತ್ತಾರೆ. ಸ್ಯಾಂಡರ್ಸನ್ 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಆರಂಭಿಸಿದವನು. ಆಮೇಲೆ ಬಂಗಾಳದ ಕಡೆಗೆ ಹೋಗಿ ಅಲ್ಲಿಯೂ ಆನೆ ಹಿಡಿಸಿದವನು. ಕಥೆಯಲ್ಲಿ ಸಾಹೇಬ ತಮಾಷೆಗೆ ಹುಡುಗನಿಗೆ, ಆನೆಗಳು ಕುಣಿಯುವುದನ್ನು ನೀನು ಕಂಡ ದಿನ ಖೆಡ್ಡಾದೊಳಗೆ ಬರಬಹುದು ಎನ್ನುತ್ತಾನೆ. ಆಗದ ಮಾತು ಎಂಬ ಅರ್ಥದಲ್ಲಿ. ಒಂದು ರಾತ್ರಿ ಕಾಳನಾಗ ಹಗ್ಗ ಬಿಡಿಸಿಕೊಂಡು ಹೊರಟಾಗ ಹುಡುಗ, ನನ್ನನ್ನೂ ಕರೆದುಕೊಂಡು ಹೋಗು ಎನ್ನುತ್ತಾನೆ. ಆನೆ ಎತ್ತಿ ಬೆನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಬೆಟ್ಟದ ನಡುವೆ ಕಾಡಾನೆಗಳೆಲ್ಲ ಸೇರಿ ನೆಲ ನಡುಗುವಂತೆ ಕುಣಿಯುವುದನ್ನು ಅವನೊಬ್ಬನೇ ಕಾಣುತ್ತಾನೆ. ಮರುದಿನ ದೊಡ್ಡವರಿಗೆ ಸಿಕ್ಕುವುದು ತುಳಿದು ಸಮನಾದ ನೆಲ ಮಾತ್ರ. ಗುಟ್ಟು ಆನೆಗಳದ್ದಾಗಿಯೇ ಉಳಿಯುತ್ತದೆ.

ಚಿತ್ರದಲ್ಲಿ ಹುಲಿಗೆ ತಂದೆ ಬಲಿಯಾಗುತ್ತಾನೆ. ಆನೆ ದುಃಖದಿಂದ ಕೆರಳುತ್ತದೆ. ಅದನ್ನು ಕ್ರೂರಿಯೊಬ್ಬನ ವಶಕ್ಕೆ ಕೊಡುವರೆಂದು ಹುಡುಗ ಅದರೊಡನೆ ಕಾಡಿಗೆ ಓಡಿಹೋಗುತ್ತಾನೆ. ಅಲ್ಲಿ ಕಾಡಾನೆಗಳ ಕುಣಿತವನ್ನು ಕಾಣುತ್ತಾನೆ. ಆಮೇಲೆ ಅವನೇ ಸಾಹೇಬನ ಕಡೆಯವರನ್ನು ಆ ಹಿಂಡಿನ ಬಳಿಗೆ ಕರೆತರುತ್ತಾನೆ, ಎಲ್ಲರೂ ಜಯಕಾರ ಮಾಡುತ್ತಾರೆ. ನನ್ನ ಲೆಕ್ಕದ ಪುಸ್ತಕದಲ್ಲಿ ಇದು ತಾಳೆಯಾಗಲಿಲ್ಲ. ಸ್ನೇಹಿತರು ನಂಬಿ ತೋರಿಸಿದ್ದನ್ನು ಹಿಡಿಯುವವರಿಗೆ ತೋರಿಸಿಕೊಟ್ಟರೆ ಅದು ಗೆಲುವು ಹೇಗಾದೀತು? ನನ್ನ ಮಗಳೂ ಆ ದೃಶ್ಯದಲ್ಲಿ ಚಪ್ಪಾಳೆ ತಟ್ಟಲಿಲ್ಲ.

ಹಾಗೆಂದು ಚಿತ್ರ ಕಳಪೆಯೆಂದಲ್ಲ. ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು, ಮಹಾರಾಜರ ನೆರವು ಪಡೆದು, ತಿಂಗಳುಗಟ್ಟಲೆ ನಮ್ಮ ಕಾಡಿನಲ್ಲಿ ಚಿತ್ರೀಕರಿಸಿದ. ಮಿಕ್ಕ ಭಾಗವನ್ನು ಲಂಡನ್ನಿನ ಬಳಿಯ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾ ತೆಗೆದ. ಇಬ್ಬರಿಗೂ 1937ರಲ್ಲಿ ವೆನಿಸ್ ಚಿತ್ರೋತ್ಸವದ ನಿರ್ದೇಶಕ ಪ್ರಶಸ್ತಿ ಬಂದಿತು. ಸ್ಟುಡಿಯೋದ ಭಾಗ ಇಂದು ಸಪ್ಪೆ; ಆದರೆ ಐರಾವತ ಎಂಬ ಆ ಆನೆ ಹೊಳೆಯಲ್ಲಿ ಮಲಗಿ, ಹುಡುಗ ಅದರ ಮೈ ತಿಕ್ಕುವಾಗ, ತೊಂಬತ್ತರ ಹತ್ತಿರದ ಪ್ರಾಯ ಆ ಚಿತ್ರಕ್ಕೆ ಆಗಿದೆಯೆಂಬುದೇ ಮರೆತುಹೋಗುತ್ತದೆ.

ಆ ಹುಡುಗನೇ ಸಾಬು. 1924ರಲ್ಲಿ ಕಬಿನಿಯ ದಂಡೆಯ ಕಾರಾಪುರದಲ್ಲಿ ಹುಟ್ಟಿದವನು. ತಂದೆ ಮಹಾರಾಜರ ಆನೆಯ ಮಾವುತ. ತಂದೆತಾಯಿ ಇಬ್ಬರೂ ತೀರಿಕೊಂಡು ಗಜಶಾಲೆಯ ಆಶ್ರಯದಲ್ಲಿದ್ದ ಈ ಹುಡುಗನನ್ನು ಚಿತ್ರತಂಡದ ಛಾಯಾಗ್ರಾಹಕ ಗುರುತಿಸಿದ. ಅಣ್ಣನೊಡನೆ ಇಂಗ್ಲೆಂಡಿಗೆ ಹೋದವನು ‘ದಿ ಡ್ರಮ್’, ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರಗಳಿಂದ ಲೋಕಪ್ರಸಿದ್ಧನಾದ. 1942ರ ಮೌಗ್ಲಿಯೂ ಅವನೇ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಕಾದಾಡಿ ಪದಕ ಪಡೆದ. ಮುಂದೆ ಬರಬರುತ್ತ ಒಳ್ಳೆಯ ಪಾತ್ರಗಳು ಕಡಮೆಯಾದವು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಆರಿಸಿದ್ದರು, ಅದು ಕೈಗೂಡದೆ, 1957ರಲ್ಲಿ ತೆರೆಗೆ ಬಂದಾಗ ಪಾತ್ರ ಸುನೀಲ್ ದತ್ತರದಾಗಿತ್ತು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು ವರ್ಷ. ಅಲ್ಲಿಯೇ ಮಣ್ಣಾದ.

“ಇಲ್ಲ ಮಗು, ಮನೆಗೆ ಹೋಗಲಿಲ್ಲ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ, “ಹಾಗಾದರೆ ಅವನು ಎಲ್ಲಿಯವನು?” ಎಂದಳು. ಕೇಳಿದ್ದು ಸಾಬುವಿನ ವಿಷಯವೋ, ತನ್ನ ವಿಷಯವೋ ನನಗೆ ತಿಳಿಯಲಿಲ್ಲ. ಶಾಲೆಯಲ್ಲಿ “ನೀನು ಎಲ್ಲಿಯವಳು?” ಎಂದು ಕೇಳಿದರೆ ಮುಂಬಯಿ ಎಂದು ಹೇಳಿ ಬರುವವಳು ಆಕೆ, ಊರಿಗೆ ಹೋದರೆ “ಬೊಂಬಾಯಿ ಹುಡುಗಿ ಬಂದಳು” ಎನ್ನಿಸಿಕೊಳ್ಳುವವಳೂ ಆಕೆಯೇ.

ಮಹನೀಯರೇ, ಇದಕ್ಕೆ ನನ್ನಲ್ಲಿಯೂ ಸಿನಿಮಾದವರ ಸಿದ್ಧ ಉತ್ತರವಿಲ್ಲ. ನಾನು ಮಾಡಿದ್ದು ಇಷ್ಟೇ: ಅಂದಿನಿಂದ ಒಂದು ವಾರ ರಾತ್ರಿ ದೀಪ ಆರಿಸಿದ ಮೇಲೆ ತೂಮಾಯಿಯ ಕಥೆಯನ್ನೂ ಮೌಗ್ಲಿಯ ಕಥೆಯನ್ನೂ ಕನ್ನಡದಲ್ಲಿ ಹೇಳಿದೆ. ಎಳೆಯಂದಿನಲ್ಲಿ ದೂರದರ್ಶನದಲ್ಲಿ ಮೌಗ್ಲಿಯನ್ನು ನಾನು ಕಂಡದ್ದು ಹಿಂದಿಯಲ್ಲಿ. ಮಗಳು ಕಂಡದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳತೊಡಗಿದಾಗ ಮೊದಲು ನನಗೇ ಮಾತು ತಡವರಿಸಿತು. ಆಮೇಲೆ ಅಂಕುಶ, ಅಂಬಾರಿ, ಸೊಂಡಿಲು, ಸಲಗ, ಮರಿಯಾನೆ ಎಂದು ಒಂದೊಂದೇ ಮಾತು ತಾನಾಗಿ ಬಂದಿತು. “ಸಲಗ ಅಂದರೇನು?” ಎಂದು ಆಕೆ ಕೇಳಿದಳು, ಮರುದಿನ ಅದೇ ಮಾತನ್ನು ತಮ್ಮನಿಗೆ ಹೇಳಿಕೊಟ್ಟಳು. ಮಕ್ಕಳಿಗೆ ಸಿನಿಮಾ ಬೇಡವೆಂದು ನಾನು ಹೇಳುವುದಿಲ್ಲ. ತೋರಿಸುವ ಮುಂಚೆ ಆ ಕಥೆಯನ್ನು ಒಮ್ಮೆ ನಮ್ಮ ಬಾಯಿಂದ, ನಮ್ಮ ಮಾತಿನಲ್ಲಿ ಹೇಳಿ ಎಂದಷ್ಟೇ ಬೇಡಿಕೊಳ್ಳುತ್ತೇನೆ. ಆಗ ಎಲ್ಲಿ ಏನು ಬದಲಾಯಿತೆಂದು ಅವರೇ ಲೆಕ್ಕ ಹಿಡಿಯುತ್ತಾರೆ.

ಇನ್ನೊಂದು ಮಾತು. ಮುಂದಿನ ಬೇಸಿಗೆಗೆ ಊರಿಗೆ ಹೋಗುವವರು ಸಾಧ್ಯವಾದರೆ ಎಚ್. ಡಿ. ಕೋಟೆಯ ಕಡೆಗೆ ಹೋಗಿ ಕಾರಾಪುರವನ್ನು ನೋಡಿ ಬನ್ನಿ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. 1974ರಲ್ಲಿ ಕಬಿನಿಗೆ ಅಣೆಕಟ್ಟಾಗಿ ಖೆಡ್ಡಾದ ಜಾಗ ನೀರಿನಡಿ ಸೇರಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಮರಿಗಳನ್ನು ಕರೆದುಕೊಂಡು ಹಿಂಡುಹಿಂಡಾಗಿ ಬರುತ್ತವೆ. ಈಗ ಅವನ್ನು ಯಾರೂ ಅಟ್ಟಿಕೊಂಡು ಬರುವುದಿಲ್ಲ, ಯಾರೂ ಹಗ್ಗ ಹಾಕುವುದಿಲ್ಲ. ನನ್ನ ಮಗಳಿಗೆ ಅಲ್ಲಿಗೆ ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟಿದ್ದೇನೆ. ರಜೆಯ ಅರ್ಜಿಯನ್ನೂ ಬರೆದಿಟ್ಟಿದ್ದೇನೆ.