ಹಳೆಯ ಕಾರ್ಖಾನೆ, ಹೊಸ ಬಡಾವಣೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಜಮೆ-ಖರ್ಚು ಬರೆಯುವುದೇ ಕಸುಬಾದ ನಮ್ಮಂಥವರಿಗೆ ಈ ವೇದಿಕೆಯಲ್ಲಿ ಏನು ಕೆಲಸವೆಂದು ತಾವು ಕೇಳಬಹುದು. ಆದರೆ ನಾಡು ಬಿಟ್ಟು ಬಂದ ನಮಗೆಲ್ಲ ಮನೆಯೆಂಬುದೇ ಮೊದಲನೆಯ ಲೆಕ್ಕ. ಇಪ್ಪತ್ತು ವರ್ಷದ ಸಾಲ ತೆಗೆದು ಕೊಳ್ಳುವ ಎರಡು ಕೋಣೆಗಳ ಅಡಿಯಲ್ಲಿ ಎಂಥ ನೆಲವುಂಟೆಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ. ಈ ದಿನ ಅದನ್ನೇ ವಿಚಾರಿಸೋಣ.

ಕಲ್ಯಾಣ ದಾಟಿ, ಶಹಾಡದ ಮುಂದೆ ಆಂಬಿವಲಿ. ಅಲ್ಲಿ ಉಲ್ಹಾಸ ನದಿಯ ದಡದ ಮೋಹನೆಯಲ್ಲಿ ನ್ಯಾಷನಲ್ ರೇಯಾನ್ ಕಾರ್ಪೊರೇಷನ್ನಿನ ಕಾರ್ಖಾನೆಯಿತ್ತು. ೧೯೪೬ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಸಾವಿರಾರು ಸಂಸಾರಗಳಿಗೆ ಅನ್ನವಿತ್ತಿತು. ೨೦೦೯ರಲ್ಲಿ ಅದರ ಬಾಗಿಲಿಗೆ ಬೀಗ ಬಿತ್ತು. ಕಾರ್ಮಿಕರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಕಾದರು. ಠಾಣೆಯ ಕೋಲ್‌ಶೇತ್ ಕಡೆಯಲ್ಲಿಯೂ ಹಳೆಯ ರಾಸಾಯನಿಕ ಕಾರ್ಖಾನೆಯ ನೆಲದ ಮೇಲೆ ಮುಗಿಲು ಮುಟ್ಟುವ ಮನೆಗಳು ಎದ್ದಿವೆ. ಇಂಥ ನೆಲದಲ್ಲಿ ಕಟ್ಟುವುದು ತಪ್ಪಲ್ಲ. ಹೊಲ, ಕಾಡುಗಳನ್ನು ಅಳಿಸಿ ಕಟ್ಟುವುದಕ್ಕಿಂತ ಎಷ್ಟೋ ಮೇಲು. ಆದರೆ ಅದಕ್ಕೊಂದು ಕ್ರಮವುಂಟು.

ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಹಮ್ಮರ್‌ಬಿ ಎಂಬ ನೀರಂಚಿನ ಪ್ರದೇಶ ಹಿಂದೆ ಕಾರ್ಖಾನೆಗಳ ತಾಣ. ೧೯೯೦ರ ದಶಕದಲ್ಲಿ ಅಲ್ಲಿ ಹೊಸ ಬಡಾವಣೆಯ ಯೋಜನೆಯಾಯಿತು. ಮೊದಲು ವಿಷವುಂಡ ಮಣ್ಣಿನ ಶುದ್ಧಿ, ಆಮೇಲೆ ಮನೆ. ಓಡಾಟಕ್ಕೆ ಟ್ರಾಂ. ಕೊಳಚೆಯಿಂದ ಅಡಿಗೆಯ ಅನಿಲ. ಶುದ್ಧಿಗೊಂಡ ನೀರಿನ ಶಾಖದಿಂದ ಚಳಿಗಾಲದಲ್ಲಿ ಮನೆಗೆ ಬಿಸಿ. ಒಂದು ಖಾತೆಯ ಖರ್ಚು ಇನ್ನೊಂದರ ಜಮೆ! ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹಾಕಿದ ನಮ್ಮ ಹಿರಿಯರ ಲೆಕ್ಕವೂ ಇದೇ ಅಲ್ಲವೆ?

ನಮ್ಮಲ್ಲಿ ಇನ್ನೊಂದು ಬಾಬು ಉಂಟು: ಮಳೆಗಾಲದ ನದಿ. ೨೦೧೯ರ ಜುಲೈ ೨೭ರಂದು ಇದೇ ಉಲ್ಹಾಸ ಉಕ್ಕಿ, ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ನೀರಿನಲ್ಲಿ ನಿಂತುದನ್ನು ಯಾರು ಮರೆತಾರು? ಮಹಾರಾಷ್ಟ್ರದಲ್ಲಿ ನದಿಗಳಿಗೆ ಎರಡು ಗೆರೆ ಎಳೆಯುವ ಪದ್ಧತಿಯಿದೆ: ೨೫ ವರ್ಷಕ್ಕೊಮ್ಮೆ ಬರುವಂಥ ಪ್ರವಾಹಕ್ಕೆ ನೀಲಿ, ೧೦೦ ವರ್ಷಕ್ಕೊಮ್ಮೆ ಬರುವಂಥದಕ್ಕೆ ಕೆಂಪು. ನೀಲಿ ಗೆರೆಯೊಳಗಿನದು ನದಿಯ ಖಾತೆ. ಅಲ್ಲಿ ಮರ, ಆಟದ ಬಯಲು ಇರಲಿ, ಮನೆ ಬೇಡ.

ಸಾಲದ ಅರ್ಜಿ ಬಂದಾಗ ನಾವು ಸಂಬಳದ ಚೀಟಿ ಕೇಳಿದೆವು, ಹಕ್ಕುಪತ್ರ ಕೇಳಿದೆವು. ಈ ಗೆರೆಯನ್ನು ಒಮ್ಮೆಯೂ ಕೇಳಲಿಲ್ಲ. ಆ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ಇನ್ನಾದರೂ ಕರಾರಿಗೆ ರುಜು ಹಾಕುವ ಮೊದಲು ಕೇಳೋಣ: ಮಣ್ಣಿನ ಪರೀಕ್ಷೆಯ ವರದಿ ಎಲ್ಲಿ? ನೆಲ ಗೆರೆಯ ಯಾವ ಕಡೆಗಿದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ಇಲ್ಲಿ ದುಡಿದವರ ಬಾಕಿ ಸಂದಿತೆ?

ಒಬ್ಬೊಬ್ಬರೇ ಕೇಳಿದರೆ ಉತ್ತರ ಸಿಕ್ಕುವುದು ಕಷ್ಟ. ಸಂಘವಾಗಿ, ನಮ್ಮ ಮರಾಠಿ ಬಂಧುಗಳೊಡನೆ ಕೂಡಿ ಕೇಳೋಣ. ನಾವು ಬಂದ ಊರು ಬೇರೆಯಾದರೂ ನಮ್ಮ ಮಕ್ಕಳ ಊರು ಇದೇ. ಅವರಿಗೆ ಕನ್ನಡದೊಂದಿಗೆ ಒಳ್ಳೆಯ ನೆಲವನ್ನೂ ಉಳಿಸಿಕೊಡೋಣ.