ಹತ್ತು ಮಂದಿ ಸಜ್ಜನರಿದ್ದರೆ



ಯುದ್ಧ ಸ್ಮಾರಕ ಎಂದೊಡನೆ ಕಲ್ಲಿನ ಕಂಬ, ಅದರ ಮೇಲೆ ಸಾಲಾಗಿ ಕೊರೆದ ಹೆಸರುಗಳು ಕಣ್ಣಮುಂದೆ ಬರುತ್ತವೆ. ಜರ್ಮನಿಯ ಮೈನ್ಜ್ ಊರಿನ ಸಂತ ಸ್ಟೀಫನ್ ಚರ್ಚಿನಲ್ಲಿ ಆ ಕೆಲಸವನ್ನು ಬಣ್ಣದ ಗಾಜಿನ ಕಿಟಕಿಗಳು ಮಾಡುತ್ತಿವೆ. ಒಳಗೆ ಕಾಲಿಟ್ಟವರ ಮೈಮೇಲೆಲ್ಲ ನೀಲಿ ಬೆಳಕು.

ಎರಡನೆಯ ಮಹಾಯುದ್ಧದ ಬಾಂಬುಗಳು ಈ ಚರ್ಚನ್ನು ಕೆಡವಿದ್ದವು. ಗೋಡೆಗಳನ್ನು ಮತ್ತೆ ಕಟ್ಟಿದರು. 1973ರಲ್ಲಿ ಅಲ್ಲಿನ ಪಾದ್ರಿ ಕ್ಲೌಸ್ ಮಾಯರ್ ಫ್ರಾನ್ಸಿನಲ್ಲಿದ್ದ ಚಿತ್ರಕಾರ ಮಾರ್ಕ್ ಶಗಾಲ್ ಅವರಿಗೆ ಕಾಗದ ಬರೆದರು, ನಮಗೆ ಕಿಟಕಿಗಳನ್ನು ಮಾಡಿಕೊಡಿ ಎಂದು. ಹಾಗೆ ಕೇಳುವುದಕ್ಕೂ ಎದೆ ಬೇಕಿತ್ತು. ಶಗಾಲ್ ಯಹೂದಿ. 1941ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಅದೇ ವರ್ಷ, ಅವರು ಹುಟ್ಟಿ ಬೆಳೆದ ವಿಟೆಬ್ಸ್ಕ್‌ನಲ್ಲಿ ಜರ್ಮನ್ನರು ಸಾವಿರಾರು ಯಹೂದಿಗಳನ್ನು ಕೊಂದರು. ಕಾಗದ ಬರೆದ ಮಾಯರ್ ಅವರ ತಂದೆಯೂ ಯಹೂದಿ ಮನೆತನದವರೇ.

ಶಗಾಲ್ ತಕ್ಷಣ ಒಪ್ಪಲಿಲ್ಲ. ಒಪ್ಪಿದ ಮೇಲೆ ಕೈಬಿಡಲೂ ಇಲ್ಲ. 1978ರಲ್ಲಿ ಮೊದಲ ಕಿಟಕಿ ಕೂತಾಗ ಅವರಿಗೆ 91 ವರ್ಷ. ಒಟ್ಟು ಒಂಬತ್ತು ಕಿಟಕಿ ಮಾಡಿದರು. ಗಾಜಿನ ಮೇಲೆ ತಮ್ಮ ಕೈಯಾರೆ ಗೆರೆ ಎಳೆದರು. ಆದರೆ ಮೈನ್ಜ್‌ಗೆ ಒಮ್ಮೆಯೂ ಹೋಗಲಿಲ್ಲ.

ನಡುವಿನ ಕಿಟಕಿಯಲ್ಲಿ ಬೈಬಲಿನ ಅಬ್ರಹಾಮನಿದ್ದಾನೆ. ಪಾಪಿಗಳ ಊರಾದ ಸೊದೋಮನ್ನು ದೇವರು ನಾಶಮಾಡಲು ಹೊರಟಾಗ ಅವನು ಬೇಡಿಕೊಳ್ಳುತ್ತಾನೆ. ಐವತ್ತು ಮಂದಿ ಸಜ್ಜನರಿದ್ದರೆ ಊರನ್ನು ಉಳಿಸುವೆಯಾ? ನಲವತ್ತೈದು ಇದ್ದರೆ? ಮೂವತ್ತು? ಹೀಗೆ ಇಳಿಸುತ್ತ ಇಳಿಸುತ್ತ ಹತ್ತಕ್ಕೆ ತರುತ್ತಾನೆ. ಅದು ಅವನ ಊರೂ ಅಲ್ಲ! ಬಾಂಬು ಬಿದ್ದ ಊರಿನಲ್ಲಿ, ಕೊಂದವರ ನಾಡಿನಲ್ಲಿ, ಬದುಕುಳಿದ ಯಹೂದಿಯೊಬ್ಬರು ಬರೆದದ್ದು ಈ ಚಿತ್ರವನ್ನು. ಅವರು ಶಾಪವನ್ನೂ ಬರೆಯಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಕ್ಷಮಿಸಿದ್ದೇನೆ ಎಂದು ಕೂಡ ಅವರು ಇಲ್ಲಿ ಸಾರಿಲ್ಲ. ಇನ್ನೊಬ್ಬರ ಊರಿಗಾಗಿ ದೇವರೊಡನೆ ವಾದಕ್ಕಿಳಿದವನನ್ನು ಆ ಊರಿನವರ ಕಣ್ಣೆದುರು ನಿಲ್ಲಿಸಿದ್ದಾರೆ, ಅಷ್ಟೆ. ನಾನು ಬಲ್ಲ ಯುದ್ಧ ಸ್ಮಾರಕಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಶಗಾಲ್ 1985ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚರ್ಚಿನ ಉಳಿದ ಕಿಟಕಿಗಳನ್ನು ಅವರ ಜೊತೆಗಾರ, ಗಾಜಿನ ಕುಶಲಕರ್ಮಿ ಚಾರ್ಲ್ಸ್ ಮಾರ್ಕ್ ಪೂರೈಸಿದರು.

ನಿಮ್ಮ ಮಗನೋ ಮಗಳೋ ಕೆಲಸಕ್ಕೆಂದು ಫ್ರಾಂಕ್‌ಫರ್ಟ್ ಕಡೆ ಇದ್ದರೆ ಈ ಚರ್ಚನ್ನು ನೋಡಿಬರಲು ಹೇಳಿ. ರೈಲಿನಲ್ಲಿ ಹತ್ತಿರದ ದಾರಿ. ಶಗಾಲ್ ಅವರ ಕಿಟಕಿಗಳಿರುವುದು ಪೂರ್ವದ ಕಡೆ, ಆದ್ದರಿಂದ ಬೆಳಗಿನ ಹೊತ್ತೇ ಹೋಗಲಿ.