ಮಗುವಿನ ಎಕೋ ಪರೀಕ್ಷೆಗೆ ಅಂಜಬೇಡಿ

ಹಾಲು ಕುಡಿಯುವಾಗ ಬೆವರುವ, ತುಟಿ ನೀಲಿಯಾಗುವ ಮಗುವಿಗೆ ವೈದ್ಯರು ಎಕೋ ಬರೆದರೆ, ನಮ್ಮ ಭೈರುಂಬೆಯಂಥ ಊರುಗಳಲ್ಲಿ "ಸ್ವಲ್ಪ ದೊಡ್ಡದಾಗಲಿ" ಎನ್ನುವವರಿದ್ದಾರೆ. ಎಕೋ ಎಂದರೆ ಎಕ್ಸ್‌ರೇ ಅಲ್ಲ. ವಿಕಿರಣವಿಲ್ಲ, ನೋವಿಲ್ಲ. ಎದೆಗೆ ಜೆಲ್ ಹಚ್ಚಿ, ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಹೃದಯದ ಕೋಣೆ, ಕವಾಟ, ರಕ್ತದ ಹರಿವನ್ನು ಪರದೆಯ ಮೇಲೆ ನೋಡುತ್ತಾರೆ. ತೀರಾ ಅಳುವ ಕೂಸಿಗೆ ಕೆಲವೊಮ್ಮೆ ನಿದ್ದೆಯ ಔಷಧ ಕೊಡುವುದುಂಟು, ಅಷ್ಟೇ.

ಹೃದಯದ ಸಣ್ಣ ರಂಧ್ರ ಎಷ್ಟೋ ಸಲ ತಾನಾಗಿಯೇ ಮುಚ್ಚುತ್ತದೆ. ದೊಡ್ಡದನ್ನು ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಕೆಟ್ಟು, ಮುಂದೆ ರಂಧ್ರ ಮುಚ್ಚುವ ಶಸ್ತ್ರಚಿಕಿತ್ಸೆಯೂ ಸಾಧ್ಯವಾಗದೆ ಹೋಗಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಅವರು ಬರೆದುಕೊಟ್ಟ ಚೀಟಿ ಹಿಡಿದು ಅದೇ ವಾರ ಶಿರಸಿಗೆ ಹೋಗಿಬನ್ನಿ.